ಸವಳು ಹೊಲದ ಬಗ್ಗೆ ಉಪಗ್ರಹ ಏನು ಹೇಳಬಲ್ಲದು, ಏನು ಹೇಳಲಾರದು

ಪ್ರಶ್ನೆ: ಸಿಂಧನೂರು ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ವಿತರಣಾ ನಾಲೆಯ ಕೆಳಗೆ ನಮ್ಮದು ನಾಲ್ಕು ಎಕರೆ ಎರೆಹೊಲ. ತಂದೆಯವರ ಕಾಲದಿಂದಲೂ ಭತ್ತ ಬೆಳೆಯುತ್ತಿದ್ದೇವೆ. ಮೊದಲು ಎಕರೆಗೆ 75 ಕಿಲೋದ 40 ಚೀಲ ಬರುತ್ತಿತ್ತು, ಈಗ ಐದಾರು ವರ್ಷಗಳಿಂದ 30 ದಾಟುವುದೇ ಕಷ್ಟ. ಹಳ್ಳದ ಕಡೆಗಿರುವ ಒಂದು ಎಕರೆ ಬೇಸಿಗೆ ಬಂದರೆ ಬೆಳ್ಳಗಾಗುತ್ತದೆ, ಅಲ್ಲಿ ನಾಟಿ ಮಾಡಿದ ಸಸಿ ಅಲ್ಲಲ್ಲಿ ಸಾಯುತ್ತದೆ. ಮಣ್ಣು ಆರೋಗ್ಯ ಚೀಟಿಯಲ್ಲಿ ಪಿಎಚ್ 8.4, ಇಸಿ (ಉಪ್ಪು ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ) 1.6 ಎಂದಿದೆ. ಇಸಿ 4ಕ್ಕಿಂತ ಕಡಿಮೆ ಇದ್ದರೆ ಸವಳಲ್ಲ ಎಂದು ಮಗ ಇಂಟರ್ನೆಟ್‌ನಲ್ಲಿ ಓದಿದ್ದಾನೆ. ಅವನ ಮೊಬೈಲ್ ಆ್ಯಪ್‌ನ ಜಗತ್ತಿನ ಮಣ್ಣಿನ ನಕ್ಷೆಯೂ ಉಪಗ್ರಹ ಚಿತ್ರವೂ ನಮ್ಮ ಹೊಲ ಚೆನ್ನಾಗಿದೆ ಎಂದೇ ತೋರಿಸುತ್ತವೆ. ಗೊಬ್ಬರದ ಅಂಗಡಿಯವರು ಜಿಪ್ಸಂ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಒಳಗೆ ಪೈಪು ಹಾಕಿಸಿ ಎನ್ನುವವರೂ ಮೀನಿನ ಹೊಂಡ ಮಾಡಿ ಎನ್ನುವವರೂ ಇದ್ದಾರೆ. ಸರ್, ಇವುಗಳಲ್ಲಿ ಯಾವುದನ್ನು ನಂಬಬೇಕು? ಇಷ್ಟೊಂದು ಹೊಸ ತಂತ್ರಜ್ಞಾನ ಬಂದಿದ್ದರೂ ನಮ್ಮ ಹೊಲಕ್ಕೆ ಏನಾಗಿದೆ ಎಂದು ಯಾರೂ ಖಚಿತವಾಗಿ ಹೇಳುತ್ತಿಲ್ಲವೇಕೆ?

ಉತ್ತರ: ನೀವು ಬರೆದಿರುವ ಸಂಗತಿಗಳಲ್ಲಿಯೇ ಅರ್ಧ ಉತ್ತರವಿದೆ. ಕಾಲುವೆಯ ಕೆಳಗಿನ ಎರೆಹೊಲ, ದಶಕಗಳ ಭತ್ತ, ತಗ್ಗಿನ ಕಡೆ ಬೇಸಿಗೆಯಲ್ಲಿ ಬಿಳಿ ಪೊರೆ, ನಿಧಾನವಾಗಿ ಕುಸಿಯುತ್ತಿರುವ ಇಳುವರಿ, ಇವೆಲ್ಲ ಒಟ್ಟಿಗೆ ಬಂದಾಗ ಅದು ನಮ್ಮ ಅಚ್ಚುಕಟ್ಟಿನಲ್ಲಿ ಸವಳು-ಜವಳು ಎಂದು ಕರೆಯುವ, ಅಂದರೆ ನೆಲದಲ್ಲಿ ಉಪ್ಪೂ ಸೇರಿ ನೀರೂ ನಿಲ್ಲುವ, ತೊಂದರೆಯೇ ಇರಬೇಕು. ಆದರೆ ಸವಳು ಯಾವ ಬಗೆಯದು, ನೀರು ಎಷ್ಟು ಆಳದಲ್ಲಿ ನಿಂತಿದೆ ಎಂಬುದು ತಿಳಿಯುವವರೆಗೆ ಜಿಪ್ಸಂಗಾಗಲಿ ಪೈಪಿಗಾಗಲಿ ಹಣ ಹಾಕಬೇಡಿ ಎಂಬುದೇ ನನ್ನ ಮೊದಲ ಸಲಹೆ. ಆ ಎರಡು ಸಂಗತಿಗಳನ್ನು ತಿಳಿಯಲು ಆಗುವ ಖರ್ಚು ಒಂದು ಸುಗ್ಗಿಯ ಜಿಪ್ಸಂ ಖರ್ಚಿಗಿಂತ ಬಹಳ ಕಡಿಮೆ.

ಮೊದಲು ಚೀಟಿಯ ವಿಷಯ, ಏಕೆಂದರೆ ಅತಿ ಹೆಚ್ಚು ರೈತರು ದಾರಿ ತಪ್ಪುವುದು ಇಲ್ಲಿಯೇ. ಇಸಿ 4 ಎಂಬ ಗಡಿ 1954ರಲ್ಲಿ ಅಮೆರಿಕದ ಲವಣ ಪ್ರಯೋಗಾಲಯ ಪ್ರಕಟಿಸಿದ ಕೈಪಿಡಿಯಿಂದ ಪ್ರಚಾರಕ್ಕೆ ಬಂದದ್ದು. ಅದು ಮಣ್ಣಿಗೆ ಕೆಸರಾಗುವಷ್ಟೇ ನೀರು ಬೆರೆಸಿ, ಆ ಕೆಸರಿನಿಂದ ಹೀರಿ ತೆಗೆದ ದ್ರವದಲ್ಲಿ ಅಳೆದ ಸಂಖ್ಯೆ. ನಮ್ಮ ಮಣ್ಣು ಪರೀಕ್ಷಾ ಪ್ರಯೋಗಾಲಯಗಳು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಸೇರಿಸಿ ಅಳೆಯುತ್ತವೆ. ನೀರು ಹೆಚ್ಚಾದಷ್ಟೂ ಉಪ್ಪು ತೆಳುವಾಗುತ್ತದೆ, ಸಂಖ್ಯೆ ಇಳಿಯುತ್ತದೆ. ಜೇಡಿ ಹೆಚ್ಚಿರುವ ಎರೆಮಣ್ಣಿನಲ್ಲಿ ಚೀಟಿಯ ಸಂಖ್ಯೆಯನ್ನು ಸುಮಾರು ಮೂರು ಪಟ್ಟು ಮಾಡಿದರೆ ಆ ಹಳೆಯ ಗಡಿಯೊಂದಿಗೆ ಹೋಲಿಸಲು ಬರುತ್ತದೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೂ ಆಗಬಹುದು. ಅಂದರೆ ನಿಮ್ಮ 1.6 ನಿಜವಾಗಿ 5ರ ಆಸುಪಾಸಿನದು. ಭತ್ತ 3ರವರೆಗೆ ತಾಳಿಕೊಳ್ಳುತ್ತದೆ, ಅದರಿಂದಾಚೆ ಪ್ರತಿ ಒಂದು ಅಂಕಕ್ಕೆ ಇಳುವರಿ ಸರಾಸರಿ ಶೇ 12ರಷ್ಟು ಇಳಿಯುತ್ತದೆ ಎಂಬುದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಲೆಕ್ಕ. 5ಕ್ಕೆ ಶೇ 24 ನಷ್ಟ, 40 ಚೀಲದ ಹೊಲದಲ್ಲಿ 30 ಚೀಲ. ನಿಮ್ಮ ಅನುಭವವೂ ಈ ಲೆಕ್ಕವೂ ಹೊಂದಿಕೊಳ್ಳುತ್ತಿವೆ ಎಂಬುದನ್ನು ಗಮನಿಸಿ.

ಇನ್ನೊಂದು ಮಾತು. ಆರೋಗ್ಯ ಚೀಟಿಯ ಯೋಜನೆಯಲ್ಲಿ ನೀರಾವರಿ ಪ್ರದೇಶದ ಮಾದರಿಯನ್ನು ಎರಡೂವರೆ ಹೆಕ್ಟೇರಿನ ಒಂದು ಚೌಕಕ್ಕೆ ಒಂದರಂತೆ ತೆಗೆಯುವ ಪದ್ಧತಿಯಿತ್ತು. ಎರಡೂವರೆ ಹೆಕ್ಟೇರ್ ಎಂದರೆ ಆರು ಎಕರೆಗೂ ಹೆಚ್ಚು. ನಿಮ್ಮ ಮೇಲ್ಭಾಗದ ಒಳ್ಳೆಯ ಮೂರು ಎಕರೆಯ ಮಣ್ಣೂ ತಗ್ಗಿನ ಕೆಟ್ಟ ಒಂದು ಎಕರೆಯ ಮಣ್ಣೂ ಅದರಲ್ಲಿ ಬೆರೆತಿದ್ದರೆ, ಆ 1.6 ನಿಮ್ಮ ಯಾವ ಎಕರೆಯ ನಿಜವನ್ನೂ ಹೇಳುವುದಿಲ್ಲ.

ಈಗ ಮಗನ ಮೊಬೈಲ್‌ಗೆ ಬರೋಣ. ಅವನು ಮಾಡಿದ್ದು ತಪ್ಪಲ್ಲ, ಆಸಕ್ತಿಯಿಂದ ಹುಡುಕಿದ್ದು ಸಂತೋಷದ ವಿಷಯವೇ. ಆದರೆ ಯಾವ ಸಾಧನವನ್ನು ಯಾವ ಅಳತೆಗಾಗಿ ಮಾಡಿದ್ದಾರೆ ಎಂಬುದು ಅವನಿಗೆ ಗೊತ್ತಿರಬೇಕು. ಜಗತ್ತಿನ ಮಣ್ಣಿನ ನಕ್ಷೆಗಳಲ್ಲಿ ಬಹಳ ಪ್ರಸಿದ್ಧವಾದದ್ದು ನೆದರ್ಲೆಂಡ್ಸ್‌ನ ಐಎಸ್‌ಆರ್‌ಐಸಿ ಸಂಸ್ಥೆಯ ಸಾಯಿಲ್‌ಗ್ರಿಡ್ಸ್. ನಾನಾ ದೇಶಗಳಲ್ಲಿ ಅಗೆದು ಪರೀಕ್ಷಿಸಿದ ಮಣ್ಣಿನ ದಾಖಲೆಗಳನ್ನೂ ಹವಾಮಾನ, ಇಳಿಜಾರು, ಉಪಗ್ರಹ ಮಾಹಿತಿಗಳನ್ನೂ ಕಂಪ್ಯೂಟರಿಗೆ ಉಣಿಸಿ, ಅಗೆಯದ ಜಾಗಗಳಲ್ಲಿ ಮಣ್ಣು ಹೇಗಿರಬಹುದು ಎಂದು ಅಂದಾಜಿಸುವ ವಿಧಾನ ಅದರದು. ಅದರ ಒಂದು ಚೌಕ 250 ಮೀಟರ್ ಉದ್ದಗಲದ್ದು, ಅಂದರೆ ಸುಮಾರು 15 ಎಕರೆ. ನಿಮ್ಮ ಇಡೀ ಹೊಲ ಅದರ ಒಂದು ಮೂಲೆಯಲ್ಲಿ ಕುಳಿತುಬಿಡುತ್ತದೆ. ದೇಶಗಳ ನಡುವೆ, ಜಿಲ್ಲೆಗಳ ನಡುವೆ ಹೋಲಿಸಲು ಇದು ಅಮೂಲ್ಯವಾದ ಕೆಲಸ, ಸರ್ವೆ ನಂಬರಿನ ತೀರ್ಮಾನಕ್ಕೆ ಮಾತ್ರ ಅಲ್ಲ.

ಹಸಿರು ತೋರಿಸುವ ಚಿತ್ರದ ಕಥೆ ಬೇರೆ. ಅದು ಬಹುಶಃ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳದ್ದು. ಇವುಗಳಲ್ಲಿ ಮೊದಲನೆಯದು 2015ರಲ್ಲಿ ಹಾರಿತು, ಎರಡನೆಯದು 2017ರಲ್ಲಿ, ಮೂರನೆಯದು 2024ರಲ್ಲಿ. ಎರಡು ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ಅದೇ ಜಾಗವನ್ನು ನೋಡುತ್ತವೆ, ಚಿತ್ರದ ಒಂದು ಚುಕ್ಕೆ 10 ಮೀಟರ್ ಉದ್ದಗಲದ್ದು. ಒಂದು ಎಕರೆಗೆ 40 ಚುಕ್ಕೆ ಸಿಗುತ್ತವೆ ಎಂದರೆ ಇದು ಹೊಲದ ಅಳತೆಗೆ ಸಾಲುವ ಸಾಧನವೇ. ಆದರೆ ಆ್ಯಪ್ ತೋರಿಸಿದ್ದು ಬೆಳೆಯ ಹಸಿರನ್ನು, ಮಣ್ಣಿನ ಉಪ್ಪನ್ನಲ್ಲ. ನೀರು ನಿಂತ ಗದ್ದೆಯಲ್ಲಿ ಉಪ್ಪು ಕರಗಿ ಕೆಳಗಿಳಿದಿರುತ್ತದೆ, ಭತ್ತ ಹಸಿರಾಗಿಯೇ ಕಾಣುತ್ತದೆ. ಹೂ ಬಿಡುವ ಹೊತ್ತಿಗೆ ಉಪ್ಪಿನ ಹೊಡೆತ ಬಿದ್ದು ಕಾಳು ಜೊಳ್ಳಾದರೆ ಅದು ಮೇಲಿನಿಂದ ಗೊತ್ತಾಗುವುದಿಲ್ಲ. ಉಪ್ಪನ್ನು ಮೇಲಿನಿಂದ ಗುರುತಿಸಬೇಕಾದರೆ ಮಾರ್ಚ್‌ನಿಂದ ಮೇ ತಿಂಗಳೊಳಗೆ, ಹೊಲ ಬರಿದಾಗಿ ಒಣಗಿದ್ದಾಗ, ಬಿಳಿ ಪೊರೆ ಮೇಲೆ ಬಂದಿರುವಾಗ ತೆಗೆದ ಚಿತ್ರ ಬೇಕು. ಆಗಲೂ ಒಂದೇ ವರ್ಷದ ಚಿತ್ರ ಸಾಲದು. ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯಲ್ಲಿ 1980ರ ದಶಕದಿಂದ 30 ಮೀಟರ್ ಚುಕ್ಕೆಯ ಚಿತ್ರಗಳಿವೆ, 2008ರಿಂದ ಅವೆಲ್ಲ ಉಚಿತ. ನಿಮ್ಮ ಮಗ ನಿಜವಾಗಿ ಉಪಯುಕ್ತವಾದ ಕೆಲಸವನ್ನೇ ಮಾಡಬೇಕೆಂದಿದ್ದರೆ, ನಿಮ್ಮ ವಿತರಣಾ ನಾಲೆಯ ಕೆಳಗಿನ ಇಡೀ ಪ್ರದೇಶದ ಏಪ್ರಿಲ್ ತಿಂಗಳ ಚಿತ್ರಗಳನ್ನು ಐದೈದು ವರ್ಷದ ಅಂತರದಲ್ಲಿ ಪಕ್ಕಪಕ್ಕ ಇಟ್ಟು ನೋಡಲಿ. ಬಿಳಿ ಎಲ್ಲಿಂದ ಶುರುವಾಗಿ ಯಾವ ಕಡೆಗೆ ಹರಡಿದೆ ಎಂಬುದು ಕಂಡರೆ, ನೀರು ಯಾವ ಕಡೆಯಿಂದ ಬಸಿದು ಬರುತ್ತಿದೆ ಎಂಬುದೂ ಹೊಳೆಯುತ್ತದೆ.

ನಮ್ಮದೇ ದೇಶದ ಇಸ್ರೋ ನಡೆಸುವ ಭುವನ್ ಜಾಲತಾಣದಲ್ಲಿ 1:50,000 ಅಳತೆಯ ಭೂ ಅವನತಿ ನಕ್ಷೆಗಳಿವೆ, ಆ ಅಳತೆಯಲ್ಲಿ ನಿಮ್ಮ ನಾಲ್ಕು ಎಕರೆ ಎರಡೂವರೆ ಮಿಲಿಮೀಟರಿನ ಒಂದು ಚುಕ್ಕಿ. ಕರ್ನಾಟಕ ಸರ್ಕಾರದ ಸುಜಲ ಜಲಾನಯನ ಯೋಜನೆಯ ಮೂರನೆಯ ಹಂತದಲ್ಲಿ ಕೊಪ್ಪಳ ಸೇರಿದಂತೆ ಹಲವು ಜಿಲ್ಲೆಗಳ ಕಿರುಜಲಾನಯನಗಳಲ್ಲಿ ಸರ್ವೆ ನಂಬರಿನ ನಕ್ಷೆಯ ಮೇಲೆಯೇ ಮಣ್ಣಿನ ಆಳ, ಬಗೆ, ದೋಷಗಳನ್ನು ಗುರುತಿಸಿದ್ದಾರೆ. ಆದರೆ ಅದು ಮುಖ್ಯವಾಗಿ ಮಳೆಯಾಶ್ರಿತ ಹೊಲಗಳಿಗಾಗಿ ನಡೆದ ಕೆಲಸ. ಅದೇ ಮಟ್ಟದ ಸಮೀಕ್ಷೆ ಅಚ್ಚುಕಟ್ಟಿಗೂ ಬೇಕು, ಲವಣದ ಅಳತೆಯನ್ನು ಮುಂದಿಟ್ಟುಕೊಂಡು ಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹ ರೇಡಾರ್ ಅಲೆಗಳಿಂದ ನೋಡುವುದರಿಂದ ಮೋಡವಿದ್ದರೂ ಅದಕ್ಕೆ ನೆಲ ಕಾಣುತ್ತದೆ, ಮಣ್ಣಿನ ತೇವದ ಸುಳಿವೂ ಸಿಗುತ್ತದೆ. ಜವಳು ಹಿಡಿದ ಪ್ರದೇಶಗಳನ್ನು ಗುರುತಿಸಲು ಇದರಿಂದ ನನಗೆ ದೊಡ್ಡ ನಿರೀಕ್ಷೆಯಿದೆ. ಆದರೂ ಅದು ನೋಡುವುದು ಮೇಲಿನ ಪದರವನ್ನು. ನಿಮಗೆ ತೊಂದರೆ ಕೊಡುತ್ತಿರುವ ನೀರು ಅದಕ್ಕಿಂತ ಕೆಳಗಿದೆ.

ಆ ನೀರಿನ ಬಗ್ಗೆಯೇ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಉಪ್ಪು ಎಲ್ಲಿಂದ ಬಂತು ಎಂಬುದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ತುಂಗಭದ್ರೆಯ ನೀರು ಸಿಹಿನೀರು, ಅದರ ಬಗ್ಗೆ ಅನುಮಾನ ಬೇಡ. ಆದರೆ ಸಿಹಿನೀರಿನಲ್ಲೂ ಉಪ್ಪು ಇರುತ್ತದೆ. ಲೀಟರಿಗೆ 200 ಮಿಲಿಗ್ರಾಂ ಲವಣ ಇದೆ ಎಂದಿಟ್ಟುಕೊಳ್ಳಿ. ಒಂದು ಎಕರೆ ಭತ್ತಕ್ಕೆ ಒಟ್ಟು ಒಂದು ಮೀಟರ್ ನೀರು ಕೊಟ್ಟರೆ ಅದು 40 ಲಕ್ಷ ಲೀಟರ್, ಅದರಲ್ಲಿ ಬಂದ ಉಪ್ಪು ಎಂಟು ಕ್ವಿಂಟಾಲ್. ಬೆಳೆಯೂ ಬಿಸಿಲೂ ನೀರನ್ನು ಆವಿ ಮಾಡುತ್ತವೆ, ಉಪ್ಪು ನೆಲದಲ್ಲೇ ಉಳಿಯುತ್ತದೆ. ಇದರ ಜೊತೆಗೆ ನಮ್ಮ ಒಣನಾಡಿನ ಎರೆಮಣ್ಣಿನ ಕೆಳಪದರಗಳಲ್ಲಿ ಮೊದಲಿನಿಂದಲೂ ಲವಣ ಇದೆ. ಕಾಲುವೆ ಬರುವ ಮೊದಲು ಅಂತರ್ಜಲ ಬಹಳ ಆಳದಲ್ಲಿದ್ದುದರಿಂದ ಅದು ಅಲ್ಲಿಯೇ ಮಲಗಿತ್ತು. 1953ರಲ್ಲಿ ಜಲಾಶಯ ಪೂರ್ಣಗೊಂಡು ನೀರು ಹರಿಯತೊಡಗಿದ ಮೇಲೆ, ಎಡದಂಡೆಯಲ್ಲಿ ಬಹುಪಾಲು ಮಿತ ನೀರಾವರಿ ಬೆಳೆಗಳೇ ಇರಬೇಕೆಂಬ ಮೂಲ ಯೋಜನೆಯನ್ನು ಮೀರಿ ಭತ್ತ ಹರಡಿತು. ಇದಕ್ಕಾಗಿ ರೈತರನ್ನು ದೂಷಿಸುವುದು ನ್ಯಾಯವಲ್ಲ, ನೀರು ಸಿಗುವ ಕಡೆ ಖಚಿತ ಬೆಲೆಯ ಬೆಳೆಯನ್ನು ಯಾರಾದರೂ ಬೆಳೆಯುತ್ತಾರೆ. ಆದರೆ ಮೇಲ್ಭಾಗದ ಗದ್ದೆಗಳಿಂದ ಇಂಗಿದ ನೀರು, ನಾಲೆಗಳಿಂದ ಸೋರಿದ ನೀರು, ಎರೆಮಣ್ಣಿನಲ್ಲಿ ಬೇಗ ಬಸಿದುಹೋಗಲಾರದೆ ತಗ್ಗಿನ ಹೊಲಗಳ ಕೆಳಗೆ ಸೇರಿಕೊಂಡಿತು. ಅಂತರ್ಜಲ ನೆಲದಿಂದ ಒಂದೂವರೆ, ಎರಡು ಮೀಟರಿನೊಳಗೆ ಬಂದರೆ, ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಮಣ್ಣು ಅದನ್ನು ಮೇಲಕ್ಕೆಳೆಯುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಮೇಲೆ ಕೂರುತ್ತದೆ. ಆದ್ದರಿಂದಲೇ ಕಾಲುವೆ ನಿಂತ ಮೇಲೆ ಬರಿದಾಗಿ ಬಿಟ್ಟ ಹೊಲ, ಬೆಳೆ ಇರುವ ಹೊಲಕ್ಕಿಂತ ಬೇಗ ಬೆಳ್ಳಗಾಗುವುದು. ‘ಒಂದು ಬೇಸಿಗೆ ಖಾಲಿ ಬಿಟ್ಟರೆ ನೆಲ ಸುಧಾರಿಸುತ್ತದೆ’ ಎಂಬ ನಂಬಿಕೆ ಮಸಾರಿ ಹೊಲಕ್ಕೆ ಸರಿಯಿರಬಹುದು, ಜವಳು ಹಿಡಿದ ಎರೆಗೆ ಅದು ಹಾನಿ.

ಈ ಕಷ್ಟ ನಮ್ಮೊಬ್ಬರದೇ ಅಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಸುಮಾರು 138 ಕೋಟಿ ಹೆಕ್ಟೇರ್, ಅಂದರೆ ಒಟ್ಟು ನೆಲದ ಶೇ 10.7 ಭಾಗ, ಲವಣಪೀಡಿತ. ಭಾರತದಲ್ಲಿ ಕರ್ನಾಲಿನ ಕೇಂದ್ರೀಯ ಮಣ್ಣಿನ ಲವಣತೆ ಸಂಶೋಧನಾ ಸಂಸ್ಥೆ ಬಳಸುವ ಅಂಕಿ 67 ಲಕ್ಷ ಹೆಕ್ಟೇರ್. ಈ ವಿಷಯದ ಸಂಶೋಧನೆ ಈಗ ಎತ್ತ ಸಾಗುತ್ತಿದೆ ಎಂದರೆ, ಉಪಗ್ರಹ ಚಿತ್ರ, ಮಣ್ಣನ್ನು ಅಗೆಯದೆಯೇ ಅದರ ವಿದ್ಯುತ್ ವಾಹಕತೆ ಅಳೆಯುವ ವಿದ್ಯುತ್ಕಾಂತೀಯ ಉಪಕರಣ, ಕಂಪ್ಯೂಟರ್ ಕಲಿಕೆ ಇವನ್ನೆಲ್ಲ ಒಂದುಗೂಡಿಸಿ ಹೊಲದೊಳಗಿನ ವ್ಯತ್ಯಾಸವನ್ನೇ ನಕ್ಷೆ ಮಾಡುವತ್ತ. ಆದರೆ ನನಗೆ ಇವೆಲ್ಲಕ್ಕಿಂತ ದೊಡ್ಡ ಪಾಠವಾಗಿ ಕಾಣುವುದು ಆಸ್ಟ್ರೇಲಿಯಾದ ಮರ್ರೆ-ಡಾರ್ಲಿಂಗ್ ನದೀ ಕಣಿವೆಯದು. ಅಲ್ಲಿನ ರಾಜ್ಯಗಳು 1988ರಲ್ಲಿ ಒಪ್ಪಂದ ಮಾಡಿಕೊಂಡು, ಯಾವ ಹೊಸ ನೀರಾವರಿ, ಯಾವ ಬಸಿಗಾಲುವೆ ನದಿಗೆ ಎಷ್ಟು ಉಪ್ಪು ಸೇರಿಸುತ್ತದೆ, ಯಾವ ಕೆಲಸ ಎಷ್ಟು ಕಡಿಮೆ ಮಾಡುತ್ತದೆ ಎಂದು ಜಮಾ-ಖರ್ಚಿನ ಪುಸ್ತಕ ಇಡತೊಡಗಿದವು. ನಮ್ಮ ಅಚ್ಚುಕಟ್ಟಿನಲ್ಲಿ ನೀರಿನ ಟಿಎಂಸಿ ಲೆಕ್ಕ ಎಲ್ಲರ ಬಾಯಲ್ಲೂ ಇದೆ, ಉಪ್ಪಿನ ಲೆಕ್ಕದ ಬಗ್ಗೆ ಯಾವ ಸಭೆಯಲ್ಲೂ ಮಾತು ಕೇಳಿಬರುವುದಿಲ್ಲ.

ಈಗ ಜಿಪ್ಸಂ. ಉಪ್ಪಿನ ದೋಷ ಎರಡು ಬಗೆ. ಸವಳಿನಲ್ಲಿ ಕರಗುವ ಲವಣ ಹೆಚ್ಚಿರುತ್ತದೆ, ಬಿಳಿ ಪೊರೆ ಬರುತ್ತದೆ, ಮಣ್ಣಿನ ರಚನೆ ಹಾಳಾಗಿರುವುದಿಲ್ಲ. ಕರ್ಲಿನಲ್ಲಿ ಸೋಡಿಯಂ ಜೇಡಿಯ ಕಣಗಳಿಗೇ ಅಂಟಿಕೊಂಡಿರುತ್ತದೆ, ಮಣ್ಣು ಒದ್ದೆಯಾದಾಗ ಜಾರುತ್ತದೆ, ಒಣಗಿದಾಗ ಕಲ್ಲಾಗುತ್ತದೆ, ನೀರು ಇಂಗುವುದಿಲ್ಲ, ಪಿಎಚ್ ಸಾಮಾನ್ಯವಾಗಿ 8.5 ದಾಟುತ್ತದೆ. ಜಿಪ್ಸಂನ ಕೆಲಸ ಎರಡನೆಯದಕ್ಕೆ: ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಕಣಗಳಿಂದ ಬಿಡಿಸುತ್ತದೆ. ಬಿಡಿಸಿದ ಸೋಡಿಯಂ ನೀರಿನೊಂದಿಗೆ ಹೊರಗೆ ಹೋಗದಿದ್ದರೆ ಅಲ್ಲಿಯೇ ಉಳಿಯುತ್ತದೆ. ಬರೀ ಸವಳಿಗೆ ಜಿಪ್ಸಂ ಹಾಕುವುದು ಉಪ್ಪಿಗೆ ಉಪ್ಪು ಸೇರಿಸಿದ ಹಾಗೆಯೇ ಸರಿ. ನಿಮ್ಮ ಪಿಎಚ್ 8.4 ಆಗಿರುವುದು ಗಡಿಯಲ್ಲಿದೆ, ಆದ್ದರಿಂದ ವಿನಿಮಯ ಸೋಡಿಯಂ ಪ್ರಮಾಣವನ್ನು, ಅಂದರೆ ಜೇಡಿಯ ಕಣಗಳಿಗೆ ಅಂಟಿರುವುದರಲ್ಲಿ ಸೋಡಿಯಂನ ಪಾಲು ಎಷ್ಟು ಎಂಬುದನ್ನು, ಪರೀಕ್ಷಿಸಲೇಬೇಕು. ಪಠ್ಯಗಳಲ್ಲಿ ಶೇ 15 ಎಂಬ ಗಡಿಯಿದ್ದರೂ, ಉಬ್ಬಿ ಕುಗ್ಗುವ ಎರೆಮಣ್ಣಿನಲ್ಲಿ ಅದಕ್ಕಿಂತ ಕಡಿಮೆಯಿದ್ದಾಗಲೇ ಕಾಟ ಶುರುವಾಗುವುದನ್ನು ನಾವು ನೋಡುತ್ತೇವೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಣಗಿದ ಸಣ್ಣ ಹೆಂಟೆಯೊಂದನ್ನು ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಅಲುಗಿಸದೆ ಇಟ್ಟು ಒಂದು ದಿನ ಬಿಡಿ. ಸುತ್ತ ಹಾಲಿನಂಥ ಮಸುಕು ಹರಡಿದರೆ ಕರ್ಲಿನ ಗುಣವಿದೆ. ಆದರೆ ನೀರು ತಿಳಿಯಾಗಿದ್ದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಸವಳು-ಕರ್ಲು ಎರಡೂ ಇರುವ ಮಣ್ಣಿನಲ್ಲಿ ಹೆಚ್ಚಿನ ಉಪ್ಪು ಕರ್ಲಿನ ಗುಣವನ್ನು ಮುಚ್ಚಿಟ್ಟಿರುತ್ತದೆ. ಅಂಥ ಹೊಲವನ್ನು ಜಿಪ್ಸಂ ಇಲ್ಲದೆ ಸಿಹಿನೀರಿನಿಂದ ತೊಳೆದರೆ ಉಪ್ಪು ಹೋಗಿ ಸೋಡಿಯಂ ಉಳಿದು, ಮಣ್ಣು ಮುಚ್ಚಿಕೊಂಡು, ಮೊದಲಿಗಿಂತ ಕೆಟ್ಟ ಸ್ಥಿತಿಗೆ ಬರುತ್ತದೆ. ಪ್ರಯೋಗಾಲಯದ ವರದಿ ಬೇಕೇ ಬೇಕು ಎನ್ನುವುದು ಈ ಕಾರಣಕ್ಕೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲವಣಪೀಡಿತ ಮಣ್ಣಿನ ಅಖಿಲ ಭಾರತ ಸಮನ್ವಯ ಯೋಜನೆಯ ಘಟಕವಿದೆ, ನಿಮ್ಮ ಊರಿಗೆ ದೂರವೂ ಅಲ್ಲ. ಮಾದರಿಯನ್ನು ಒಂದೇ ಚೀಲದಲ್ಲಿ ಬೆರೆಸಬೇಡಿ: ಮೇಲ್ಭಾಗದ ಹೊಲದಿಂದ ಬೇರೆ, ತಗ್ಗಿನ ಎಕರೆಯಿಂದ ಬೇರೆ, ಪ್ರತಿಯೊಂದರಲ್ಲೂ ಒಂದು ಅಡಿ, ಎರಡು ಅಡಿ, ಮೂರು ಅಡಿ ಆಳದ್ದು ಬೇರೆ ಬೇರೆ.

ಒಳ ಬಸಿಗಾಲುವೆ, ಅಂದರೆ ನೆಲದೊಳಗೆ ಒಂದು ಮೀಟರಿಗೂ ಸ್ವಲ್ಪ ಹೆಚ್ಚು ಆಳದಲ್ಲಿ ರಂಧ್ರವಿರುವ ಕೊಳವೆಗಳನ್ನು ಸಾಲಾಗಿ ಹೂತು, ನೀರನ್ನೂ ಅದರಲ್ಲಿ ಕರಗಿದ ಉಪ್ಪನ್ನೂ ಹಳ್ಳಕ್ಕೆ ಬಿಡುವುದು, ಸವಳು-ಜವಳಿಗೆ ಗೊತ್ತಿರುವ ಅತ್ಯಂತ ಖಚಿತವಾದ ಪರಿಹಾರ. ಈಜಿಪ್ಟ್ ನೈಲ್ ಕಣಿವೆಯಲ್ಲಿ 1970ರಿಂದ ಇದನ್ನು ದೇಶವ್ಯಾಪಿ ಕಾರ್ಯಕ್ರಮವಾಗಿ ಮಾಡಿತು, ಹರಿಯಾಣದಲ್ಲಿ ಡಚ್ಚರ ನೆರವಿನಿಂದ ಇದು ಫಲ ಕೊಟ್ಟಿದೆ. ಆದರೆ ನಾಲ್ಕು ಎಕರೆಗೆ ಒಬ್ಬರೇ ಹಾಕಿಸುವುದನ್ನು ನಾನು ಸಲಹೆ ಮಾಡುವುದಿಲ್ಲ. ಮೇಲಿನ ಹೊಲಗಳ ನೀರೆಲ್ಲ ನಿಮ್ಮ ಕೊಳವೆಗೆ ಬರುತ್ತದೆ, ಅವರ ಬಸಿನೀರನ್ನು ನಿಮ್ಮ ಖರ್ಚಿನಲ್ಲಿ ಹೊರಗೆ ಹಾಕಿದಂತಾಗುತ್ತದೆ. ಕೊನೆಯಲ್ಲಿ ನೀರು ಬೀಳುವ ಹಳ್ಳದ ತಳ ಕೊಳವೆಯ ಬಾಯಿಗಿಂತ ಕೆಳಗಿರಬೇಕು. ಹೂಳು, ಜಾಲಿ, ಒತ್ತುವರಿಯಿಂದ ಹಳ್ಳ ಮೇಲೆ ಬಂದಿದ್ದರೆ ಮಳೆಗಾಲದಲ್ಲಿ ಅದೇ ಕೊಳವೆಯಿಂದ ನೀರು ಹೊಲಕ್ಕೆ ವಾಪಸ್ಸು ಬರುತ್ತದೆ. ಎಷ್ಟೋ ಕಡೆ ಹಳ್ಳದ ಹೂಳು ತೆಗೆದು ತೆರೆದ ಬಸಿಗಾಲುವೆಯನ್ನು ಸರಿಪಡಿಸಿದಷ್ಟಕ್ಕೇ ಅಂತರ್ಜಲ ಇಳಿಯುತ್ತದೆ, ಮೊದಲು ಆಗಬೇಕಾದ ಕೆಲಸ ಅದು. ಅದಾದ ಮೇಲೂ ಸಾಲದಿದ್ದರೆ, ನೀರು ಬಳಕೆದಾರರ ಸಹಕಾರ ಸಂಘದ ಮೂಲಕ ಹಳ್ಳಕ್ಕೆ ಸೇರುವ ಇಡೀ ತಗ್ಗಿನ ಪ್ರದೇಶಕ್ಕೆ ಒಂದೇ ಯೋಜನೆಯಾಗಿ ಮುನಿರಾಬಾದಿನ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಗೆ ಅರ್ಜಿ ಕೊಡಿ.

ಬಸಿಗಾಲುವೆಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕೇಳಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಬಸಿನೀರನ್ನು ಕೆಸ್ಟರ್‌ಸನ್ ಎಂಬ ಜಲಾಶಯಕ್ಕೆ ಬಿಟ್ಟರು. ಮಣ್ಣಿನಿಂದ ಬಂದ ಸೆಲೆನಿಯಂ ಅಲ್ಲಿ ಸೇರಿ, 1983ರಲ್ಲಿ ಹಕ್ಕಿಮರಿಗಳು ಅಂಗವಿಕಲವಾಗಿ ಹುಟ್ಟುವುದು ಕಂಡುಬಂತು, ಕೊನೆಗೆ ಆ ಕಾಲುವೆಯನ್ನೇ ಮುಚ್ಚಬೇಕಾಯಿತು. ನಮ್ಮ ಮಣ್ಣಿನಲ್ಲೂ ಅದೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಹಳ್ಳದ ಕೆಳಗಿನ ಊರು ಆ ನೀರನ್ನು ದನಕರುಗಳಿಗೆ ಕುಡಿಸುತ್ತಿದ್ದರೆ, ಹೊರಗೆ ಹರಿದ ಉಪ್ಪು ಮತ್ತು ಯೂರಿಯಾದ ನೈಟ್ರೇಟ್ ಅವರ ಪಾಲಿಗೆ ಬರುತ್ತದೆ. ಬೇಕಾದಾಗ ಮಾತ್ರ ತೆರೆಯುವ ಬಾಯಿಯಿಟ್ಟ ಕೊಳವೆ ವ್ಯವಸ್ಥೆಗಳತ್ತ ಈಗಿನ ಸಂಶೋಧನೆ ಹೊರಳಿರುವುದು ಇದಕ್ಕಾಗಿಯೇ.

ಮೀನಿನ ಹೊಂಡದ ವಿಷಯದಲ್ಲಿ ನನ್ನ ಅಭಿಪ್ರಾಯ ಎಚ್ಚರಿಕೆಯದು. ನೀರು ನೆಲದ ಮಟ್ಟಕ್ಕೇ ಬಂದು ಬೇರೆ ದಾರಿಯೇ ಇಲ್ಲದ ಹೊಲಕ್ಕೆ ಅದು ಒಂದು ಉಪಾಯ, ಆದರೆ ಹೊಂಡದಿಂದ ಜಿನುಗುವ ನೀರು ಪಕ್ಕದವರ ಹೊಲವನ್ನೂ ಜವಳು ಮಾಡಬಹುದು, ಹೊಂಡವಾದ ಎರೆಯನ್ನು ಮತ್ತೆ ಹೊಲ ಮಾಡುವುದು ಬಹಳ ಕಷ್ಟ. ಬೆಳೆ ಬದಲಾವಣೆಯಲ್ಲಿ ಹತ್ತಿ ನಿಜಕ್ಕೂ ಗಟ್ಟಿ ಬೆಳೆ, ಅದು ಕೆಸರಿನ ಅಳತೆಯ ಇಸಿ 7.7ರವರೆಗೆ ಉಪ್ಪನ್ನು ತಾಳುತ್ತದೆ, ಜೋಳ 6.8ರವರೆಗೆ. ಆದರೆ ಇವೆರಡಕ್ಕೂ ಬೇರಿನಲ್ಲಿ ನೀರು ನಿಲ್ಲಬಾರದು, ಹಾಗಾಗಿ ಮೇಲ್ಭಾಗದ ಮೂರು ಎಕರೆಗೆ ಇವನ್ನು ಯೋಚಿಸಿ, ತಗ್ಗಿಗೆ ಬೇಡ. ನೀರು ಉಳಿಸುವ ಕೂರಿಗೆ ಭತ್ತ (ನಾಟಿ ಮಾಡದೆ ಕೂರಿಗೆಯಿಂದ ನೇರವಾಗಿ ಬಿತ್ತುವುದು) ಇಡೀ ಅಚ್ಚುಕಟ್ಟಿನ ದೃಷ್ಟಿಯಿಂದ ಒಳ್ಳೆಯದು, ಮೇಲ್ಭಾಗದವರು ಅದಕ್ಕೆ ಹೊರಳಿದಷ್ಟೂ ನಿಮ್ಮ ತಗ್ಗಿಗೆ ಬರುವ ಬಸಿನೀರು ಕಡಿಮೆಯಾಗುತ್ತದೆ. ಆದರೆ ನಿಮ್ಮ ಬಿಳಿ ಎಕರೆಯಲ್ಲಿ ಅದನ್ನು ಬಿತ್ತಬೇಡಿ: ನಿಂತ ನೀರು ಉಪ್ಪನ್ನು ಕೆಳಗೆ ಒತ್ತಿ ಹಿಡಿಯುತ್ತದೆ, ಅದಿಲ್ಲದಿದ್ದರೆ ಉಪ್ಪನ್ನು ಸ್ವಲ್ಪವೂ ಸಹಿಸದ ಎಳೆಯ ಸಸಿಯ ಬೇರಿಗೆ ಅದು ನೇರವಾಗಿ ತಗಲುತ್ತದೆ. ಆ ಎಕರೆಗೆ ಸದ್ಯಕ್ಕೆ ಹಸಿರೆಲೆ ಗೊಬ್ಬರದ ಬೆಳೆಯಾದ ಡಯಾಂಚ ಬೆಳೆದು ಮಣ್ಣಿಗೆ ಸೇರಿಸುವುದು, ಸ್ವಲ್ಪ ಬಲಿತ ಸಸಿಯನ್ನು ಒತ್ತಾಗಿ ನಾಟಿ ಮಾಡುವುದು, ಕರ್ನಾಲಿನ ಸಿಎಸ್‌ಆರ್ ಸರಣಿಯಂಥ ಲವಣಸಹಿಷ್ಣು ತಳಿಯ ಬಗ್ಗೆ ಗಂಗಾವತಿಯಲ್ಲಿ ವಿಚಾರಿಸುವುದು ಸರಿಯಾದ ದಾರಿ.

ಇನ್ನು ನೀರಿನ ಮಟ್ಟ ತಿಳಿಯುವ ಕೆಲಸ. ಎರಡು ಇಂಚಿನ ಪಿವಿಸಿ ಪೈಪಿನ ಕೆಳಗಿನ ಅರ್ಧಕ್ಕೆ ಸಣ್ಣ ರಂಧ್ರ ಮಾಡಿ, ನೈಲಾನ್ ಜಾಲರಿ ಸುತ್ತಿ, ಎರಡೂವರೆ ಮೀಟರ್ ಆಳದ ಕುಳಿಯಲ್ಲಿ ಸುತ್ತ ಉಸುಕು ತುಂಬಿ ನಿಲ್ಲಿಸಿ. ಒಂದು ತಗ್ಗಿನಲ್ಲಿ, ಒಂದು ಮೇಲ್ಭಾಗದಲ್ಲಿ, ಸಾಧ್ಯವಾದರೆ ಮೇಲಿನ ಹೊಲದವರನ್ನು ಒಪ್ಪಿಸಿ ಅಲ್ಲೊಂದು. ಹದಿನೈದು ದಿನಕ್ಕೊಮ್ಮೆ ದಾರಕ್ಕೆ ತೂಕ ಕಟ್ಟಿ ಇಳಿಸಿ ನೀರಿನ ಆಳ ಬರೆದಿಡಿ. ಕಾಲುವೆ ನಿಂತು ಎರಡು ತಿಂಗಳಾದರೂ ತಗ್ಗಿನ ಪೈಪಿನಲ್ಲಿ ನೀರು ಒಂದೂವರೆ ಮೀಟರಿಗಿಂತ ಕೆಳಗೆ ಇಳಿಯದಿದ್ದರೆ ನಿಮ್ಮದು ಬಸಿಯುವಿಕೆಯ ಸಮಸ್ಯೆ, ಬಸಿಗಾಲುವೆಯಾಗದೆ ಯಾವ ಔಷಧವೂ ಕೆಲಸ ಮಾಡದು. ನೀರು ಆಳಕ್ಕಿಳಿದಿದ್ದೂ ಬಿಳಿ ಉಳಿದಿದ್ದರೆ ಹಳೆಯ ಉಪ್ಪನ್ನು ತೊಳೆದರೆ ಸಾಕು, ವಿನಿಮಯ ಸೋಡಿಯಂ ಹೆಚ್ಚಿದ್ದರೆ ಮಾತ್ರ ಜಿಪ್ಸಂ ಜೊತೆಗೆ. ಮಗನ ಏಪ್ರಿಲ್ ಚಿತ್ರಗಳು, ಪೈಪಿನ ಅಳತೆ ಬರೆದ ಪುಸ್ತಕ, ಆರು ಮಾದರಿಗಳ ವರದಿ, ಈ ಮೂರನ್ನೂ ತೆಗೆದುಕೊಂಡು ಗಂಗಾವತಿಗೆ ಹೋದರೆ ಅಲ್ಲಿನ ವಿಜ್ಞಾನಿಗಳು ಎಕರೆಗೆ ಎಷ್ಟು ಜಿಪ್ಸಂ ಬೇಕು ಅಥವಾ ಬೇಡವೇ ಬೇಡ ಎಂಬುದನ್ನು ನಿಮಗೆ ಲೆಕ್ಕ ಹಾಕಿ ಹೇಳಬಲ್ಲರು.